ಎಡಗೈಯವರ ಬೆಂಚು

"ಇಳಿಸಿ. ಮತ್ತೆ ಎತ್ತಿ."

ನಲವತ್ತಾರು ಕೈಗಳು ಮತ್ತೆ ಮೇಲೆದ್ದವು. ಹಿಲ್ಮಿ ಕಪ್ಪುಹಲಗೆಗೆ ಬೆನ್ನು ಮಾಡಿ ನಿಂತು ಸಾಲುಸಾಲಾಗಿ ಕಣ್ಣಾಡಿಸಿದ. ಬಲಗೈ ಹತ್ತೊಂಬತ್ತು. ಎಡಗೈ ಇಪ್ಪತ್ತೇಳು. ಸರಿಯಾಗಿತ್ತು.

"ಕೈ ಎತ್ತುವಾಗ ಮುಖದಲ್ಲಿ ಸ್ವಲ್ಪ ಕಳೆ ಇರ್ಲಿ. ಹಲ್ಲುನೋವು ಬಂದೋರ ಹಾಗೆ ಕೂರಬೇಡಿ."

"ಯಾವ ಕೈಯವರು ನಗ್ಬೇಕು ಮಿಸ್ಟರ್?" ಮೊದಲ ಸಾಲಿನಿಂದ ಶೀರೀನ್ ಕೇಳಿದಳು. "ಬಲಗೈಯವರಾ, ಎಡಗೈಯವರಾ?"

"ಇಬ್ಬರೂ."

"ಏನೂ ಗೊತ್ತಿಲ್ದೆ ಇರೋದಕ್ಕೂ ನಗ್ಬೇಕಾ?"

ತರಗತಿ ಗೊಳ್ಳೆಂದಿತು. ಹಿಲ್ಮಿಯೂ ನಕ್ಕ. ನಕ್ಕ ಮೇಲೆ ಒಳಗೆಲ್ಲೋ ಸಣ್ಣದೊಂದು ಮುಳ್ಳು ಆಡಿದಂತಾಯಿತು. ಪರಿವೀಕ್ಷಣೆಯ ದಿನ ಅದನ್ನು ಹುಡುಕಿ ಕೀಳುವಷ್ಟು ಪುರಸೊತ್ತಿರಲಿಲ್ಲ.

ನಿಯಮ ಹಳೆಯದು. ಅವನು ಕಂಡುಹಿಡಿದದ್ದಲ್ಲ, ದಮನ್‌ಹೂರ್ ಎಂಬ ಇದೇ ಊರಿನಲ್ಲಿ ಅವನ ಗುರುಗಳೂ ಅದನ್ನು ಪಾಲಿಸಿದ್ದರು. ಇಲಾಖೆಯಿಂದ ಪರಿವೀಕ್ಷಕರು ಬಂದು ಕುಳಿತಾಗ, ಶಿಕ್ಷಕ ಪ್ರಶ್ನೆ ಕೇಳಿದೊಡನೆ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಬಲ್ಲವರು ಬಲಗೈ, ಅರಿಯದವರು ಎಡಗೈ. ಕುಳಿತು ನೋಡುವವರಿಗೆ ಕಾಣುವುದು ಕೈಗಳ ಕಾಡು ಮಾತ್ರ. ಶಿಕ್ಷಕ ಬಲಗೈಯೊಂದನ್ನು ಆರಿಸಿ ಎಬ್ಬಿಸುತ್ತಾನೆ. ಉತ್ತರ ಬರುತ್ತದೆ. ಪರಿವೀಕ್ಷಕರು ತಲೆದೂಗುತ್ತಾರೆ. ಯಾರೂ ಸುಳ್ಳು ಹೇಳಿರುವುದಿಲ್ಲ. ಕೈಗಳು ಹೇಳಿರುತ್ತವೆ, ಅಷ್ಟೆ.

ಈ ಹಳೆಯ ನಿಯಮಕ್ಕೆ ಹಿಲ್ಮಿ ಸೇರಿಸಿದ್ದು ಒಂದೇ ಒಂದು ತಿದ್ದುಪಡಿ. ಅದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಸಂಜೆ ಅವನ ಮನೆಯ ಊಟದ ಮೇಜಿನ ಸುತ್ತ ಖಾಸಗಿ ಪಾಠಕ್ಕೆ ಬರುವ ಹತ್ತೊಂಬತ್ತು ಹುಡುಗಿಯರಿಗೆ ಬಲಗೈ. ಬಾರದವರಿಗೆ ಎಡಗೈ. ಪರಿವೀಕ್ಷಣೆಯಲ್ಲಿ ಕೇಳಲಿರುವ ನಾಲ್ಕು ಪ್ರಶ್ನೆಗಳು, ಅವುಗಳ ನಾಲ್ಕು ಉತ್ತರಗಳು ಮೇಜಿನ ಬಳಿಯೇ ಬಾಯಿಪಾಠವಾಗಿದ್ದವು. ಶಾಲೆ ಎಂಬುದು ಆ ಮೇಜಿನ ಬಳಿ ಕಲಿತದ್ದನ್ನು ಆಡಿ ತೋರಿಸುವ ನಾಟಕವಾಗಿ ಎಷ್ಟೋ ವರ್ಷವಾಗಿತ್ತು. ಊರಿನ ಎಲ್ಲ ಶಿಕ್ಷಕರೂ ಹೀಗೇ ಎಂಬ ಸಮಾಧಾನ ಅವನಿಗಿತ್ತು. ಎಲ್ಲರೂ ಮಾಡುವ ಅನ್ಯಾಯ ಪದ್ಧತಿ ಎನಿಸಿಕೊಳ್ಳುತ್ತದೆ.

ಕಪ್ಪುಹಲಗೆಯ ಮೇಲೆ ಇಂದಿನ ಪಾಠವನ್ನು ಬರೆದಿಟ್ಟಿದ್ದ: ಇಂಗ್ಲಿಷಿನ ಪದಗುಚ್ಛಗಳು ಮತ್ತು ವಿರಾಮಚಿಹ್ನೆಗಳು. ಅದರ ಕೆಳಗೆ ಉದಾಹರಣೆ. 'ಹಳೆಯ ಸೇತುವೆಯ ಕೆಳಗೆ, ಇಬ್ಬರು ಬೆಸ್ತರು ಕುಳಿತಿದ್ದರು.' ಮೊದಲ ಭಾಗಕ್ಕೆ ಕೆಂಪು ಸೀಮೆಸುಣ್ಣದ ಗೆರೆ. ಪದಗುಚ್ಛವೆಂದರೆ ಕರ್ತೃವೂ ಕ್ರಿಯೆಯೂ ಇಲ್ಲದ ಪದಗಳ ಗುಂಪು. ಅರ್ಥದ ತುಣುಕೊಂದು ಅದರಲ್ಲಿರುತ್ತದೆ, ಆದರೆ ಅದು ತಾನಾಗಿ ನಿಲ್ಲಲಾರದು. ಮೂವತ್ತೊಂದು ವರ್ಷಗಳಿಂದ ಹಿಲ್ಮಿ ಇದನ್ನು ಇದೇ ಮಾತುಗಳಲ್ಲಿ ಹೇಳಿದ್ದಾನೆ. ಮೂವತ್ತೊಂದು ವರ್ಷಗಳಲ್ಲಿ ಇಂಗ್ಲಿಷ್ ಮಾತೃಭಾಷೆಯಾದವರೊಬ್ಬರ ಜೊತೆಗೂ ಅವನು ಒಂದು ವಾಕ್ಯ ಆಡಿಲ್ಲ. ಒಮ್ಮೆ ಅಲೆಕ್ಸಾಂಡ್ರಿಯಾದಲ್ಲಿ ವೃದ್ಧ ಇಂಗ್ಲಿಷ್ ದಂಪತಿ ಸಮುದ್ರಕ್ಕೆ ದಾರಿ ಕೇಳಿದ್ದರು. ಪ್ರಶ್ನೆ ಪೂರ್ತಿ ಅರ್ಥವಾಗಿತ್ತು. ಉತ್ತರವಾಗಿ ಅವನು ಕೈ ತೋರಿಸಿದ.

"ಒಂದ್ಸಲ ಪ್ರಶ್ನೆಗಳನ್ನ ಓಡಿಸಿಬಿಡೋಣ," ಎಂದ. ನಾಲ್ಕೂ ಮುಗಿದವು. ಶೀರೀನ್ ಎರಡಕ್ಕೆ ಉತ್ತರಿಸಿದಳು. ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಏನೂ ತೋಚದೆ, ಪಟ್ಟಿಯಲ್ಲಿಲ್ಲದ ಐದನೆಯದೊಂದು ಅವನ ಬಾಯಿಂದ ಜಾರಿತು:

"ಸೇತುವೆಯ ಕೆಳಗೆ ಅನ್ನೋದು ವಾಕ್ಯದ ಮೊದಲಲ್ಲಿ ಬಂದ್ರೆ ಅದಾದ್ಮೇಲೆ ಅಲ್ಪವಿರಾಮ ಹಾಕ್ತೀವಿ. ಕೊನೇಲಿ ಬಂದ್ರೆ ಹಾಕಲ್ಲ. ಯಾಕೆ?"

ಹತ್ತೊಂಬತ್ತು ಬಲಗೈಗಳು ಅಲುಗಾಡಲಿಲ್ಲ. ಊಟದ ಮೇಜಿನ ಮೇಲೆ 'ಯಾಕೆ' ಎಂಬುದನ್ನು ಎಂದೂ ಬಡಿಸಿರಲಿಲ್ಲ.

"ಮೊದ್ಲೇ ಬಂದಾಗ ಓದೋನು ಇನ್ನೂ ಕಾಯ್ತಾ ಇರ್ತಾನೆ ಮಿಸ್ಟರ್." ದನಿ ಬಂದದ್ದು ಕೊನೆಯ ಸಾಲಿನ ಕಿಟಕಿಯ ಪಕ್ಕದ ಬೆಂಚಿನಿಂದ. ಸಮಾಹ್. ಕ್ಷೌರಿಕನ ಮಗಳು. "ಸೇತುವೆ ಕೆಳಗೆ ಯಾರು, ಏನಾಯ್ತು ಅಂತ ಅವನಿಗೆ ಗೊತ್ತಿರಲ್ಲ. ಅದಕ್ಕೆ ಉಸಿರು ತಗೊಳ್ಳೋಕೆ ಒಂಚೂರು ಜಾಗ ಕೊಡ್ತೀವಿ. ಕೊನೇಲಿ ಬಂದ್ರೆ ಕಾಯೋದೇ ಇರಲ್ವಲ್ಲ, ಎಲ್ಲಾ ಆಗೋಗಿರುತ್ತೆ."

ಮೂವತ್ತೊಂದು ವರ್ಷಗಳಲ್ಲಿ ಈ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರವನ್ನು ಅವನು ಕೇಳಿರಲಿಲ್ಲ, ಕೊಟ್ಟೂ ಇರಲಿಲ್ಲ. ಗುರುವಾದವನಿಗೆ ಆಗಬೇಕಾದದ್ದು ಸಂತೋಷ. ಅವನಿಗಾದದ್ದು ಕಿರಿಕಿರಿ: ಪಕ್ಕದ ಮನೆಯವರು ಕರೆಯದೆ ಊಟಕ್ಕೆ ಬಂದು ಕುಳಿತಂತೆ.

"ನಿಂದು ಯಾವ ಕೈ?"

"ಎಡಗೈ ಮಿಸ್ಟರ್."

"ಹಾಗಿದ್ರೆ ಎಡಗೈಯವಳ ಹಾಗೆ ಕೂತ್ಕೊ."

ಯಾರೋ ಕಿಸಕ್ಕೆಂದರು. ಸಮಾಹ್ ಕುಳಿತಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಅದಿದ್ದಿದ್ದರೆ ಒಳ್ಳೆಯದಿತ್ತು.

*

ಮೊಗಸಾಲೆಯಲ್ಲಿ ಅರಬ್ಬಿ ಶಿಕ್ಷಕ ಸಬ್ರಿ ಅವನ ಟೈಯನ್ನು ಹಿಡಿದೆಳೆದ.

"ಏನಯ್ಯಾ ಮಿಸ್ಟರ್, ಮದುವೆ ಗಂಡಿನ ಥರ ಬಂದಿದ್ದೀಯ?"

"ಫೌಝಿಯಾ ಕಟ್ಟಿದ್ದು."

"ಹೆಂಡ್ತಿಗೂ ಹಿರಿಯ ಗುರುವಿನ ಹೆಂಡ್ತಿ ಅನ್ನಿಸ್ಕೊಳ್ಳೋ ಆಸೆ. ತಪ್ಪೇನಿಲ್ಲ." ಸಬ್ರಿ ಹುರುಳಿಕಾಳಿನ ಗಾತ್ರದ ನಗು ನಕ್ಕ. ಅವನು ಹಿಲ್ಮಿಗಿಂತ ಆರು ವರ್ಷ ಚಿಕ್ಕವ. ಹಿರಿಯ ಗುರುವಾಗಿ ಮೂರು ವರ್ಷವಾಗಿತ್ತು. "ಬರ್ತಿರೋದು ಹೊಸಬಳಂತೆ. ಹೆಂಗಸು. ನಗೋದೇ ಇಲ್ವಂತೆ."

"ಕೈ ಎತ್ತೋದನ್ನ ನೋಡಿದ್ರೆ ಎಲ್ರೂ ನಗ್ತಾರೆ."

"ಅದೂ ನಿಜ ಅನ್ನು."

ಹಿಲ್ಮಿಗೆ ಎರಡು ಸಲ ಬಡ್ತಿ ಕೈತಪ್ಪಿತ್ತು. ನಿವೃತ್ತಿಗೆ ಮುನ್ನ ಇದೇ ಕೊನೆಯ ಪರಿವೀಕ್ಷಣೆ. ವರದಿಯಲ್ಲಿ 'ಅತ್ಯುತ್ತಮ' ಎಂದು ಬಿದ್ದರೆ ಹಿರಿಯ ಗುರು; ಬೀಳದಿದ್ದರೆ ಬಂದಂತೆಯೇ ಮನೆಗೆ. ಹೆಸರಿನ ಹಿಂದೆ ಅಂಟಿಸಿಕೊಳ್ಳುವ ಎರಡು ಪದಗಳಿಗಾಗಿ ತಾನು ಇಷ್ಟು ಕಾತರಿಸುತ್ತಿರುವುದು ಅವನಿಗೆ ಗೊತ್ತಿತ್ತು. ಆದರೆ ಆ ಎರಡು ಪದಗಳಿಲ್ಲದೆ ಹಿಂದಿರುಗಿ ನೋಡಿದರೆ ಈ ಮೂವತ್ತೊಂದು ವರ್ಷಗಳಿಗೆ ಕರ್ತೃವೂ ಸಿಗುತ್ತಿರಲಿಲ್ಲ, ಕ್ರಿಯೆಯೂ ಸಿಗುತ್ತಿರಲಿಲ್ಲ.

*

ಪರಿವೀಕ್ಷಕಿ ಈನಾಸ್ ಬಹ್ನಸಾವಿ ಮೂರನೆಯ ಅವಧಿಗೆ ಬಂದಳು. ನಲವತ್ತರ ಆಸುಪಾಸು, ಬೂದುಬಣ್ಣದ ತಲೆವಸ್ತ್ರ, ಕಂಕುಳಲ್ಲಿ ಕಡತ. ಮುಖ್ಯೋಪಾಧ್ಯಾಯಿನಿ ಅಬ್ಲಾ ಕರೀಮಾ ಮುಂದಿನ ಸಾಲಿನ ಪಕ್ಕ ಕುರ್ಚಿ ಹಾಕಿಸಿದ್ದಳು. ಈನಾಸ್ ಅದನ್ನು ನೋಡಲೇ ಇಲ್ಲ. ನೇರವಾಗಿ ಕೊನೆಯ ಸಾಲಿಗೆ ನಡೆದು, ಕಿಟಕಿಯ ಪಕ್ಕದ ಬೆಂಚಿನಲ್ಲಿ ಸಮಾಹಳ ಬಳಿ ಸರಿದು ಕುಳಿತಳು.

"ಅಲ್ಲಿ ಬಿಸಿಲು ಬರುತ್ತೆ ಮೇಡಂ," ಅಂದ ಹಿಲ್ಮಿ.

"ಗೊತ್ತು. ಮುಂದುವರಿಸಿ."

ಅವನು ಮುಂದುವರಿಸಿದ. ಮೊದಲ ಪ್ರಶ್ನೆಗೆ ನಲವತ್ತಾರು ಕೈಗಳು ಎದ್ದವು, ಗಾಳಿಯೇ ಮೇಲಕ್ಕೆದ್ದ ಸದ್ದಿನೊಂದಿಗೆ. ಎರಡನೆಯದಕ್ಕೂ. ಮೂರನೆಯದಕ್ಕೂ. ಪದಗುಚ್ಛವೆಂದರೇನು? ಪೂರ್ಣವಿರಾಮ ಎಲ್ಲಿ? ಉತ್ತರಗಳು ಪಾಲಿಶು ಹಾಕಿದ ಬೂಟುಗಳಂತೆ ಒಂದರ ಹಿಂದೊಂದು ಹೊರಬಂದವು. ಬಾಗಿಲ ಬಳಿ ಅಬ್ಲಾ ಕರೀಮಾ ಮುಗುಳ್ನಗುತ್ತಿದ್ದಳು.

ನಾಲ್ಕನೆಯದು ಮುಗಿದಾಗ ಈನಾಸ್ ಹಿಂದಿನಿಂದ ಕೇಳಿದಳು: "ನಾನೊಂದು ಕೇಳಬಹುದಾ?"

"ಖಂಡಿತ ಮೇಡಂ."

"ಹಲಗೆ ಮೇಲಿರೋ ವಾಕ್ಯ. ಮೊದಲಲ್ಲಿ ಅಲ್ಪವಿರಾಮ ಇದೆ. ಅದೇ ಮಾತು ಕೊನೇಲಿ ಬಂದ್ರೆ ಇರಲ್ಲ. ಯಾಕೆ?"

ಅಭ್ಯಾಸಬಲದಿಂದ ನಲವತ್ತಾರು ಕೈಗಳೂ ಎದ್ದವು. ಆಮೇಲೆ ಆಗಬಾರದ್ದು ಆಯಿತು. ತಮಗೆ ಉತ್ತರ ತಿಳಿಯದೆಂಬುದು ಬಲಗೈಯವರಿಗೆ ಹೊಳೆಯಿತು. ಅವರು ನಿಯಮಕ್ಕೆ ನಿಷ್ಠರಾದ ಹುಡುಗಿಯರು. ಶೀರೀನ್ ಮೊದಲು ಬಲಗೈ ಇಳಿಸಿ ಎಡಗೈ ಎತ್ತಿದಳು. ಅವಳ ಪಕ್ಕದವಳು ಹಾಗೇ ಮಾಡಿದಳು. ಆಮೇಲೆ ಅವಳ ಹಿಂದಿನವಳು. ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಹತ್ತೊಂಬತ್ತು ಕೈಗಳು ಒಂದೊಂದಾಗಿ ಬದಲಾದವು. ಅವರು ಮುಖದಲ್ಲಿ ಕಳೆಯನ್ನೂ ಉಳಿಸಿಕೊಂಡಿದ್ದರು.

ಹಿಲ್ಮಿಗೆ ಕಾಲ ಕೆಳಗಿನ ಮರದ ವೇದಿಕೆ ತನ್ನನ್ನು ಎಲ್ಲರ ಕಣ್ಣಿಗೂ ಎತ್ತಿ ಹಿಡಿದಿದೆ ಎನ್ನಿಸಿತು. ಅಬ್ಲಾ ಕರೀಮಾ ಇನ್ನೂ ಮುಗುಳ್ನಗುತ್ತಿದ್ದಳು. ಅವಳಿಗೆ ಕಂಡದ್ದು ಕೈಗಳು ಮಾತ್ರ.

ಈನಾಸ್ ಪಕ್ಕದವಳ ಕಡೆ ತಿರುಗಿದಳು. "ನೀನು ಹೇಳು ಮಗಳೇ."

ಸಮಾಹ್ ಎದ್ದಳು. ಅವಳು ಪರಿವೀಕ್ಷಕಿಯನ್ನು ನೋಡಲಿಲ್ಲ, ಹಲಗೆಯನ್ನು ನೋಡಲಿಲ್ಲ, ಹಿಲ್ಮಿಯನ್ನು ನೋಡಿದಳು. ಅಪ್ಪಣೆಗಾಗಿ. ಆ ನೋಟ ಇಡೀ ತರಗತಿಯನ್ನು ದಾಟಿ ಬಂದು ಅವನೆದುರು ನಿಂತು ಕಾಯಿತು.

ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಹೂಂ ಎಂದರೂ ಸಾಕಿತ್ತು. ಉತ್ತರ ಅವಳ ನಾಲಿಗೆಯ ಮೇಲಿದೆ ಎಂಬುದು ಅವನಿಗೆ ಗೊತ್ತಿತ್ತು. ಅದು ಹೊರಬಂದರೆ ತನ್ನ ತರಗತಿಯ ಮಾನ ಉಳಿಯುತ್ತದೆ ಎಂಬುದೂ ಗೊತ್ತಿತ್ತು. ಆದರೆ ಎಡಗೈ ಮಾತಾಡಬಾರದು ಎಂಬುದು ಅವನ ಕುತ್ತಿಗೆಗೆ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಅದು, ಕಂಡೂ ಕಾಣದಷ್ಟು, ಅಡ್ಡಡ್ಡ ಆಡಿತು.

"ಗೊತ್ತಿಲ್ಲ ಮಿಸ್," ಅಂದಳು ಸಮಾಹ್.

"ನಿಜವಾಗ್ಲೂ?"

"ಹೂಂ ಮಿಸ್. ಗೊತ್ತಿಲ್ಲ."

"ಕೂತ್ಕೊ." ಈನಾಸ್ ಕಡತದಲ್ಲಿ ಏನೋ ಬರೆದುಕೊಂಡಳು.

*

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಪುದೀನ ಹಾಕಿದ ಚಹಾ, ತಟ್ಟೆಯಲ್ಲಿ ಸಕ್ಕರೆಪಾಕ ಜಿನುಗುವ ಬಸ್ಬೂಸಾ. ಹಿಲ್ಮಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ತೀರ್ಪು ಬಂದುಬಿಡಲಿ ಎಂದುಕೊಳ್ಳುತ್ತಿದ್ದ. ಬೈದುಬಿಡಲಿ. ಬೈದರೆ ತಾನೂ ಒಂದು ಮಾತು ಹೇಳಬಹುದು: ಹೌದು, ಮೂವತ್ತೊಂದು ವರ್ಷದಿಂದ ಹೀಗೇ. ಆ ವಾಕ್ಯವನ್ನು ಅವನು ಮನಸ್ಸಿನಲ್ಲಿ ಅಣಿಮಾಡಿಕೊಂಡ. ಕೊನೆಯ ಪೂರ್ಣವಿರಾಮವನ್ನೂ ಇಟ್ಟುಕೊಂಡ.

ಈನಾಸ್ ವರದಿಯನ್ನು ಅವನ ಕಡೆ ತಳ್ಳಿದಳು. "ಓದಿ ಸಹಿ ಮಾಡಿ ಉಸ್ತಾದ್."

ಓದಿದ. *ಪ್ರಶ್ನೆ ಕೇಳಿದಾಗಲೆಲ್ಲ ತರಗತಿಯ ಎಲ್ಲ ವಿದ್ಯಾರ್ಥಿನಿಯರೂ ಕೈ ಎತ್ತಿದರು. ಒಟ್ಟಾರೆ: ಅತ್ಯುತ್ತಮ.*

"ಮಬ್ರೂಕ್! ಅಭಿನಂದನೆ ಮಿಸ್ಟರ್ ಹಿಲ್ಮಿ!" ಅಬ್ಲಾ ಕರೀಮಾ ಚಪ್ಪಾಳೆ ತಟ್ಟಿದಳು. "ಇನ್ನು ಬರೀ ಮಿಸ್ಟರ್ ಅನ್ನೋ ಹಾಗಿಲ್ಲ, ಹಿರಿಯ ಗುರುಗಳು! ಬಾಯಿ ಸಿಹಿ ಮಾಡ್ಕೊಳ್ಳಿ ಮೊದ್ಲು." ಅಷ್ಟರಲ್ಲಿ ಹೊರಗೆ ಯಾರೋ ಕೂಗಿದರು, ಅವಳು ಎದ್ದುಹೋದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಚಹಾದ ಲೋಟಗಳ ಮೇಲೆ ನೊಣವೊಂದು ಸುತ್ತಿತು.

"ಬೇರೇನೂ ಬರೀಲಿಲ್ವಾ ಮೇಡಂ?"

"ಬೇರೇನು ಬರೀಬೇಕಿತ್ತು?"

"ಅಲ್ಲ... ಕೊನೇ ಪ್ರಶ್ನೆ..."

"ಕಂಡದ್ದನ್ನ ಬರೆದಿದ್ದೀನಿ. ಕೈ ಎತ್ತಿದ್ರು. ಎತ್ತಲಿಲ್ವಾ?"

"ಎತ್ತಿದ್ರು."

"ಮತ್ತೆ?"

ಅವನು ಅಣಿಮಾಡಿಕೊಂಡಿದ್ದ ವಾಕ್ಯಕ್ಕೆ ಈಗ ಜಾಗವಿರಲಿಲ್ಲ. ಯಾರೂ ಅದನ್ನು ಕೇಳಿರಲಿಲ್ಲ.

"ನಿಮಗೆ ನನ್ನ ಗುರುತು ಸಿಗಲಿಲ್ಲ ಅನ್ಸುತ್ತೆ," ಅಂದಳು ಈನಾಸ್, ಚಹಾದ ಲೋಟವನ್ನು ನೋಡುತ್ತ. "ಸಿಗೋ ಹಾಗೂ ಇಲ್ಲ. ಇದೇ ಶಾಲೆ. ಮೂರು ವರ್ಷ. ಅದೇ ಬೆಂಚು."

ಹಿಲ್ಮಿ ಅವಳ ಮುಖದಲ್ಲಿ ಹುಡುಗಿಯೊಬ್ಬಳನ್ನು ಹುಡುಕಿದ. ಎಷ್ಟೋ ಮುಖಗಳು ಬಂದವು. ಎಲ್ಲವೂ ಮುಂದಿನ ಸಾಲುಗಳವು, ಊಟದ ಮೇಜಿನವು.

"ಮೂರು ವರ್ಷದಲ್ಲಿ ನೀವು ಒಂದ್ಸಲಾನೂ ನನ್ನ ಹೆಸರು ಕೂಗಲಿಲ್ಲ. ದೂರು ಅಲ್ಲ, ಸುಮ್ನೆ ಹೇಳ್ದೆ. ಪರೀಕ್ಷೇಲಿ ಮಾರ್ಕ್ಸ್ ಚೆನ್ನಾಗೇ ಬಂತು." ಅವಳು ಪೆನ್ನಿನ ಮುಚ್ಚಳ ತೆಗೆದು ಅವನ ಕಡೆ ಚಾಚಿದಳು. "ಸಹಿ."

ಸಹಿ ಹಾಕದಿರಬಹುದಿತ್ತು. ಹಾಳೆಯನ್ನು ಹಿಂದಕ್ಕೆ ತಳ್ಳಿ, ಇದು ಸುಳ್ಳು, ಬೇರೆ ಬರೆಯಿರಿ ಎನ್ನಬಹುದಿತ್ತು. ಅವಳು ಅದಕ್ಕಾಗಿಯೇ ಕಾಯುತ್ತಿದ್ದಾಳೆ ಎಂದು ಒಂದು ಕ್ಷಣ ಅನ್ನಿಸಿತು. ಪೆನ್ನನ್ನು ಅವಳು ಕೂಡಲೇ ಬಿಟ್ಟುಕೊಡಲಿಲ್ಲ. ಅದರ ಎರಡು ತುದಿಗಳಲ್ಲಿ ಎರಡು ಕೈಗಳು, ಒಂದು ಅಲ್ಪವಿರಾಮದಷ್ಟು ಹೊತ್ತು. ಆಮೇಲೆ ಅವಳು ಬಿಟ್ಟಳು.

ಅವನು ಸಹಿ ಹಾಕಿದ. ತನ್ನ ಹೆಸರಿನ ಕೆಳಗೆ, ಎಂದಿನಂತೆ, ಅಂದವಾದ ಗೆರೆಯನ್ನೂ ಎಳೆದ.

"ಬಸ್ಬೂಸಾ ತಗೊಳ್ಳಿ," ಅಂದಳು ಈನಾಸ್.

ತೆಗೆದುಕೊಂಡ. ಸಕ್ಕರೆಪಾಕ ಬೆರಳಿಗಂಟಿತು.

*

ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ಸಮಾಹ್ ಒಂಟಿಯಾಗಿ ನಿಂತಿದ್ದಳು. ಹಿಲ್ಮಿ ಅವಳನ್ನು ದಾಟಿ ನಾಲ್ಕು ಹೆಜ್ಜೆ ಹೋದ. ಮತ್ತೆ ಹಿಂದಿರುಗಿದ.

"ಬೆಳಿಗ್ಗೆ ಹೇಳಿದ್ಯಲ್ಲ. ಆಗ ಯಾಕೆ ಗೊತ್ತಿಲ್ಲ ಅಂದೆ?"

"ನೀವೇ ಎಡಗೈ ಅಂದ್ರಲ್ಲ ಮಿಸ್ಟರ್."

"ಅವರು ಕೇಳಿದ್ರಲ್ಲ..."

"ಅವರು ಇವತ್ತು ಹೋಗ್ಬಿಡ್ತಾರೆ." ಇದನ್ನು ಅವಳು ಮಗುವಿಗೆ ಲೆಕ್ಕ ಬಿಡಿಸಿ ಹೇಳುವಂತೆ ಹೇಳಿದಳು. "ನೀವು ನಾಳೇನೂ ಇರ್ತೀರ."

ಅವನು ಟೈ ಸಡಿಲಿಸಿದ. "ನೀನು ಸಂಜೆ ಪಾಠಕ್ಕೆ ಯಾಕೆ ಬರಲ್ಲ?" ಕೇಳಬೇಕೆಂದಿದ್ದದ್ದು ಅದಲ್ಲ.

"ಅಪ್ಪ ಬೇಡ ಅಂದ್ರು. ಮೇಷ್ಟ್ರು ಶಾಲೇಲೇ ಹೇಳ್ಕೊಡ್ತಾರೆ, ಅದೇ ಅಲ್ವಾ ಅವರ ಕೆಲ್ಸ ಅಂದ್ರು. ಅಪ್ಪಂಗೆ ಇದೆಲ್ಲ ಗೊತ್ತಾಗಲ್ಲ ಮಿಸ್ಟರ್." ಅಪ್ಪನ ಪರವಾಗಿ ಅವಳು ನಾಚಿಕೊಂಡಳು.

ನಾಚಿಕೊಳ್ಳಬೇಕಾದವನು ಎದುರಿಗೆ ನಿಂತಿದ್ದ. ಅವನ ಪಾಲಿನ ನಾಚಿಕೆಯನ್ನು ಹದಿನಾರರ ಹುಡುಗಿಯೊಬ್ಬಳು ತನ್ನ ಚೀಲದಲ್ಲಿ ಹೊತ್ತು ಮನೆಗೆ ಒಯ್ಯುತ್ತಿದ್ದಳು.

"ನಾಳೆ?" ಅಂದಳು. "ನಾಳೇನೂ ಎಡಗೈಯಾ ಮಿಸ್ಟರ್?"

"ನಾಳೆ... ನೋಡೋಣ."

"ಆಯ್ತು." ಹೊರಟವಳು ತಿರುಗಿ ಹೇಳಿದಳು: "ಆ ಬೆಂಚಿಂದ ಹಲಗೆ ಕಾಣ್ಸಲ್ಲ ಅಂತ ಹಿಂದೆ ಒಂದ್ಸಲ ಹೇಳಿದ್ದೆ. ಮರೆತಿರ್ತೀರ. ಇವತ್ತು ಆ ಮಿಸ್ಸೂ ಅದನ್ನೇ ಕೇಳಿದ್ರು ನನ್ನ, ಕಿವೀಲಿ. 'ಇನ್ನೂ ಕಾಣ್ಸಲ್ವಾ?' ಅಂದ್ರು."

*

ಮನೆಯಲ್ಲಿ ಫೌಝಿಯಾ ಕಾಯುತ್ತಿರುತ್ತಾಳೆ. ಐದು ಗಂಟೆಗೆ ಊಟದ ಮೇಜಿನ ಸುತ್ತ ಹತ್ತೊಂಬತ್ತು ಹುಡುಗಿಯರು. ಹಿಲ್ಮಿ ಗೇಟಿನಿಂದ ಹೊರಬೀಳುವ ಬದಲು ಮೆಟ್ಟಿಲು ಹತ್ತಿದ.

ತರಗತಿ ಬರಿದಾಗಿತ್ತು. ಅವನು ಕೊನೆಯ ಸಾಲಿಗೆ ಹೋಗಿ ಕಿಟಕಿಯ ಪಕ್ಕದ ಬೆಂಚಿನಲ್ಲಿ ತೂರಿಕೊಂಡು ಕುಳಿತ. ಮಂಡಿ ತಗುಲಿತು. ಮೂವತ್ತೊಂದು ವರ್ಷಗಳಲ್ಲಿ ಇಲ್ಲಿ ಅವನು ಕುಳಿತದ್ದು ಇದೇ ಮೊದಲು.

ತಲೆಯೆತ್ತಿ ನೋಡಿದ. ಎಣ್ಣೆಬಣ್ಣ ಬಳಿದ ಹಲಗೆಯ ಮೇಲೆ ಕಿಟಕಿಯ ಬೆಳಕೆಲ್ಲ ಬಿದ್ದು ಅದು ಬಿಳಿಯ ತಗಡಿನಂತೆ ಉರಿಯುತ್ತಿತ್ತು. ಸೇತುವೆ ಇರಲಿಲ್ಲ. ಬೆಸ್ತರಿರಲಿಲ್ಲ. ಅಲ್ಪವಿರಾಮ, ಪೂರ್ಣವಿರಾಮ, ಕೆಂಪು ಗೆರೆ, ಅವನ ಅಂದವಾದ ಕೈಬರಹ ಯಾವುದೂ ಇರಲಿಲ್ಲ. ಅವನು ಎಡಕ್ಕೆ ಸರಿದ, ಬಲಕ್ಕೆ ಬಾಗಿದ, ಕಣ್ಣು ಕಿರಿದು ಮಾಡಿದ. ಬೆಳಕು ಮಾತ್ರ ಇತ್ತು.

ಅದನ್ನು ಮರೆಮಾಡಲು ಎಡಗೈ ಎತ್ತಿದ.

ಬಾಗಿಲಲ್ಲಿ ಬೀಗದಕೈಗಳ ಸದ್ದು. ಮುದಿ ಜವಾನ ಬಯೂಮಿ ಇಣುಕಿದ.

"ಏನ್ ಬೇಕಿತ್ತು ಮಿಸ್ಟರ್?"

ಹಿಲ್ಮಿ ಹಲಗೆಯ ಕಡೆಗೇ ನೋಡುತ್ತಿದ್ದ.

ಬಯೂಮಿ ಸ್ವಲ್ಪ ಹೊತ್ತು ಕಾದ. ಎತ್ತಿದ ಕೈಯನ್ನು ನೋಡಿದ. ಅದು ಯಾವ ಕೈಯೆಂಬುದನ್ನೂ ನೋಡಿರಬೇಕು. ನಲವತ್ತು ವರ್ಷ ಈ ಶಾಲೆಯ ಬಾಗಿಲುಗಳನ್ನು ತೆರೆದು ಮುಚ್ಚಿದವನು. ಏನನ್ನೂ ಕೇಳದೆ ಬಾಗಿಲನ್ನು ಮೆಲ್ಲನೆ ಎಳೆದುಕೊಂಡು ಪಕ್ಕದ ಕೋಣೆಗೆ ಹೋದ.

ಕೈ ಹಾಗೇ ಇತ್ತು.